ನಮ್ಮೂರೇ ತಾನೆ ಎಂಬ ಉಡಾಫೆ

ರಜೆಗೆ ಮಕ್ಕಳನ್ನು ಕರೆದುಕೊಂಡು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ನಾಲ್ಕು ದಿನ ಕಾರಿನಲ್ಲಿ ಸುತ್ತಿ ಬನ್ನಿ ಎಂದು ಕಲಬುರಗಿಯ ಯಾವ ಮನೆಯಲ್ಲಿ ಹೇಳಿದರೂ ಒಂದೇ ಉತ್ತರ: ‘ಅಲ್ಲೇನದರಿ ನೋಡ್ಲಕ? ಬರೇ ಸಿಮೆಂಟಿನ ಧೂಳು.’ ಹೀಗೆ ಹೇಳುವವರು ತಿಳಿಯದವರಲ್ಲ. ಕಾಲೇಜಿನಲ್ಲಿ ಪಾಠ ಹೇಳಿದವರು, ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರು, ಅದೇ ಸೇಡಂ ತಾಲ್ಲೂಕಿನ ಹೊಲದ ತೊಗರಿ ಮಾರಿ ಮಗನನ್ನು ಎಂಜಿನಿಯರಿಂಗ್ ಓದಿಸಿದವರು. ಬೇಸಿಗೆ ಬಂತೆಂದರೆ ಅವರೇ ಮಕ್ಕಳು ಮೊಮ್ಮಕ್ಕಳನ್ನು ಗಾಡಿಯಲ್ಲಿ ತುಂಬಿಕೊಂಡು ಹೈದರಾಬಾದಿನ ಫಿಲ್ಮ್ ಸಿಟಿಗೆ ಹೊರಡುತ್ತಾರೆ. ಸೇಡಂ, ಕೊಡಂಗಲ್ ಮೇಲಿನ ದಾರಿ ಹಿಡಿದರೆ ಗಾಡಿ ಮಳಖೇಡದ ಮೂಲಕವೇ ಹಾಯುತ್ತದೆ. ಅಮೋಘವರ್ಷ ನೃಪತುಂಗನ ರಾಜಧಾನಿ ಕಿಟಕಿಯ ಆಚೆ ಹಿಂದೆ ಸರಿಯುತ್ತದೆ, ಮಕ್ಕಳು ಮೊಬೈಲ್ ನೋಡುತ್ತಿರುತ್ತಾರೆ, ಗಾಡಿ ನಿಲ್ಲುವುದಿಲ್ಲ. ಕಾಗದ, ಫೈಬರಿನಲ್ಲಿ ಕಟ್ಟಿದ ಅರಮನೆ ನೋಡಲು ಟಿಕೆಟ್ ಕೊಡುವ ಮನೆಗೆ, ಅಸಲಿ ರಾಜಧಾನಿಯಲ್ಲಿ ಅರ್ಧ ತಾಸು ನಿಲ್ಲಲು ಪುರಸೊತ್ತಿಲ್ಲ.

ಇದನ್ನು ಅಭಿರುಚಿಯ ಪ್ರಶ್ನೆ ಎಂದು ಬಿಟ್ಟುಬಿಡಲು ನಾನು ತಯಾರಿಲ್ಲ. ನೋಡದೇ ತೀರ್ಪು ಕೊಡುವುದು ಸೋಮಾರಿತನ. ಆ ಸೋಮಾರಿತನವನ್ನು ಮಕ್ಕಳಿಗೂ ದಾಟಿಸುವುದು ತಪ್ಪು.

ಜಪಾನಿಗೆ ಹೊರಟಾಗ ನಮ್ಮವರ ಶಿಸ್ತು ನೋಡಬೇಕು. ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ನೌಕರಿ ಮಾಡುವ ಈ ಭಾಗದ ಮಕ್ಕಳು ಈಗ ಅಪ್ಪ ಅವ್ವನನ್ನೂ ಕರೆದುಕೊಂಡು ಜಪಾನಿನ ಹಳ್ಳಿಗಾಡಿನಲ್ಲಿ ಬಾಡಿಗೆ ಕಾರು ಓಡಿಸಿ ಬರುತ್ತಿದ್ದಾರೆ. ಸಂತೋಷದ ವಿಷಯ. ಹೊರಡುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸುತ್ತಾರೆ. 1949ರ ಜಿನೀವಾ ಒಪ್ಪಂದದಲ್ಲಿ ಎರಡೂ ದೇಶಗಳು ಇರುವುದರಿಂದ ಅದು ಅಲ್ಲಿ ನಡೆಯುತ್ತದೆ ಎಂಬುದನ್ನು ಓದಿ ತಿಳಿದುಕೊಳ್ಳುತ್ತಾರೆ. 6 ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಅಲ್ಲಿ 2000ದಿಂದ ಕಡ್ಡಾಯ, ಹಿಂದಿನ ಸೀಟಿನವರಿಗೂ ಬೆಲ್ಟ್ 2008ರಿಂದ ಕಡ್ಡಾಯ. ಎರಡನ್ನೂ ತಕರಾರಿಲ್ಲದೆ ಒಪ್ಪುತ್ತಾರೆ. ತಕಯಾಮಾದಲ್ಲಿ ಎಷ್ಟು ಹೊತ್ತು, ಶಿರಕಾವಾ-ಗೋದ ಹುಲ್ಲುಚಾವಣಿಯ ಮನೆಗಳಿಗೆ ಎಷ್ಟು ಹೊತ್ತು, ಅವ್ವನ ಮೊಣಕಾಲಿಗೆ ಎಲ್ಲಿ ಮೆಟ್ಟಿಲು ಕಡಿಮೆ, ಅಪ್ಪನಿಗೆ ಎಲ್ಲಿ ಅನ್ನ ಸಿಗುತ್ತದೆ, ಎಲ್ಲಾ ತಿಂಗಳುಗಳ ಮೊದಲೇ ಹಾಳೆಯ ಮೇಲೆ ಬಂದಿರುತ್ತದೆ. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ.

ಅದೇ ಮಗ ದೀಪಾವಳಿಗೆ ಊರಿಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆಗೆ ಎದ್ದು, ‘ನಡೀರಿ, ಇವತ್ತ ಸನ್ನತಿಗಿ ಹೋಗಿ ಬರಮು’ ಎನ್ನುತ್ತಾನೆ. ಹೊರಡುವುದು ಹನ್ನೊಂದೂವರೆಗೆ. ಏಳು ಜನರ ಗಾಡಿಯಲ್ಲಿ ಹತ್ತು ಜನ. ನೀರಿನ ಕ್ಯಾನು ಮನೆಯಲ್ಲೇ ಮರೆತಿರುತ್ತದೆ. ಎಲ್ಲಿ ಏನಿದೆ ಎಂದು ಯಾರೂ ಓದಿರುವುದಿಲ್ಲ, ಯಾರನ್ನೂ ಕೇಳಿರುವುದಿಲ್ಲ. ಮನುಷ್ಯ ಅವನೇ, ಕುಟುಂಬವೂ ಅದೇ. ಪರದೇಶಕ್ಕೆ ಕೊಟ್ಟ ಗೌರವದಲ್ಲಿ ಕಾಲು ಭಾಗವನ್ನೂ ಸ್ವಂತ ಜಿಲ್ಲೆಗೆ ಕೊಡುವುದಿಲ್ಲ. ಕೇಳಿದರೆ ‘ನಮ್ಮೂರೇ ತಾನೆ, ಏನ್ ಪ್ಲಾನ್ ಮಾಡೂದದ?’ ಎಂಬ ಮಾತು. ಹೀಗೆ ಹೋದವರು ಮಧ್ಯಾಹ್ನದ ಬಿಸಿಲಲ್ಲಿ ಸುಸ್ತಾಗಿ, ಅರ್ಧಂಬರ್ಧ ನೋಡಿ, ತಲೆನೋವು ಹೊತ್ತು ವಾಪಸಾಗಿ, ‘ಅಲ್ಲೇನೂ ಇಲ್ಲ’ ಎಂದು ಮತ್ತೆ ನಾಲ್ಕು ಮನೆಗೆ ಹೇಳುತ್ತಾರೆ.

ಈ ಸೀಮೆಯಲ್ಲಿ ಏನಿದೆ ಎಂದು ಕೇಳುವವರು ಮೊದಲು ಕಾಲ ಕೆಳಗೆ ನೋಡಲಿ. ಅರ್ಧ ದಕ್ಷಿಣ ಭಾರತದ ಅಡುಗೆಮನೆ, ಪಡಸಾಲೆ, ರೈಲು ಪ್ಲಾಟ್‌ಫಾರ್ಮುಗಳಿಗೆ ಹಾಸಿದ ಪರಸಿ ಕಲ್ಲು ಶಹಾಬಾದಿನದು. ಕಲ್ಲಿನ ಹೆಸರೇ ಊರಿನ ಹೆಸರು. ಭೀಮಾ ಮತ್ತು ಕಾಗಿಣಾ ತೀರದ ಈ ಸುಣ್ಣದಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿದೆ. ಖಣಿಯಲ್ಲಿ ಕೆಲಸ ಮಾಡುವವರು ಬಂಡೆ ಸಿಡಿಸಿ ಪುಡಿ ಮಾಡುವವರಲ್ಲ. ಪದರದ ಗೆರೆ ಹುಡುಕಿ, ಉಳಿ ಇಟ್ಟು, ಸುತ್ತಿಗೆಯಿಂದ ಸಾಲಾಗಿ ಹೊಡೆಯುತ್ತಾ ಹೋಗುತ್ತಾರೆ. ಸದ್ದು ಬದಲಾದಾಗ ಕೈ ನಿಲ್ಲಿಸಿ ಹಾರಿ ತೂರಿಸುತ್ತಾರೆ. ಹಾಸು ಇಡಿಯಾಗಿ ಮೇಲೇಳುತ್ತದೆ. ಆ ಸದ್ದಿನ ವ್ಯತ್ಯಾಸ ಗುರುತಿಸಲು ವರ್ಷಗಳು ಬೇಕು. ಎಂಜಿನಿಯರ್ ಆಗಬೇಕೆಂದು ಕೋಚಿಂಗಿಗೆ ಲಕ್ಷ ಸುರಿಯುವ ಅಪ್ಪ, ಮನೆಯಿಂದ ಒಂದು ತಾಸಿನ ದಾರಿಯಲ್ಲಿ ನಡೆಯುವ ಈ ವಿದ್ಯೆಯನ್ನು ಮಗನಿಗೆ ಒಮ್ಮೆಯೂ ತೋರಿಸಿಲ್ಲ.

ಅದೇ ಕಲ್ಲು ಸುಟ್ಟರೆ ಸಿಮೆಂಟ್. ವಾಡಿ, ಸೇಡಂ, ಮಳಖೇಡ, ಚಿಂಚೋಳಿ ಕಡೆ ನಿಂತ ಕಾರ್ಖಾನೆಗಳ ಚಿಮಣಿಗಳೆಲ್ಲ ಈ ಒಂದು ಕಲ್ಲಿನ ಬೆನ್ನು ಹತ್ತಿ ಬಂದವು. ಧೂಳು ಇದೆ, ಸುಳ್ಳಲ್ಲ. ದಾರಿಬದಿಯ ತೊಗರಿ ಎಲೆಯ ಮೇಲೆ ಬೂದಿಬಣ್ಣ ಕೂತಿರುತ್ತದೆ. ಆ ಧೂಳನ್ನೂ ಮಗು ನೋಡಲಿ. ಮೆಟ್ರೊ ಕಂಬ, ಅಪಾರ್ಟ್‌ಮೆಂಟ್ ಎಲ್ಲಿಂದ ಬಂದವು, ಅದಕ್ಕೆ ಯಾವ ಊರಿನ ಗಾಳಿ ಬೆಲೆ ತೆತ್ತಿತು ಎಂದು ತಿಳಿಯಲಿ. ಧೂಳಿದೆ ಎಂದು ಮುಖ ತಿರುಗಿಸಿದವರೆಲ್ಲ ಆ ಸಿಮೆಂಟಿನ ಮನೆಯಲ್ಲೇ ಮಲಗುತ್ತಾರೆ.

ಇನ್ನೂ ಹಿಂದಕ್ಕೆ ಹೋಗಿ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಭೀಮೆಯ ದಂಡೆಗೆ ಎದ್ದಿದ್ದ ಮಹಾಸ್ತೂಪಕ್ಕೂ ಈ ಸೀಮೆಯ ಸುಣ್ಣದಕಲ್ಲೇ. ಎರಡು ಸಾವಿರ ವರ್ಷದ ಹಿಂದಿನ ಶಿಲ್ಪಿ ಅದೇ ಹಾಸಿನ ಮೇಲೆ ಜಾತಕ ಕಥೆ ಕೆತ್ತಿದ, ಶಾತವಾಹನ ರಾಜರನ್ನು ಕೆತ್ತಿದ. ರಾಣಿಯ ಜೊತೆ ನಿಂತ ಒಬ್ಬ ರಾಜನನ್ನು ಕೆತ್ತಿ, ಮೇಲೆ ಬ್ರಾಹ್ಮಿಯಲ್ಲಿ ಅಶೋಕನ ಹೆಸರು ಬರೆದ. ಚಾಮರ ಹಿಡಿದ ಸೇವಕಿಯರೂ ಅದರಲ್ಲಿದ್ದಾರೆ. ಹೆಸರು ಬರೆದ ಅಶೋಕನ ಶಿಲ್ಪ ಎಂದು ಜಗತ್ತಿನ ವಿದ್ವಾಂಸರು ಹುಡುಕಿಕೊಂಡು ಬರುವ ಹಾಸು ಅದು. ಮಗುವಿಗೆ ಮನೆಯ ಬಚ್ಚಲಿನ ಕಲ್ಲು ತೋರಿಸಿ, ಆಮೇಲೆ ಶಹಾಬಾದಿನ ಖಣಿ ತೋರಿಸಿ, ಆಮೇಲೆ ಕನಗನಹಳ್ಳಿಗೆ ಕರೆದೊಯ್ದರೆ ಇತಿಹಾಸ ಪರೀಕ್ಷೆಗೆ ಉರು ಹೊಡೆಯುವ ವಿಷಯವಾಗಿ ಉಳಿಯುವುದಿಲ್ಲ. ಇಷ್ಟು ಯೋಚಿಸಲು ಹಣ ಬೇಕಿಲ್ಲ. ಹಿಂದಿನ ದಿನ ಸಂಜೆ ಅರ್ಧ ತಾಸು ಕೂತರೆ ಸಾಕು.

ಸನ್ನತಿಗೆ ಹೋಗುವವರು ಕಡಿಮೆ ಇಲ್ಲ. ಚಂದ್ರಲಾ ಪರಮೇಶ್ವರಿ ಎಷ್ಟೋ ಮನೆತನಗಳ ಕುಲದೇವತೆ. ಅಮಾವಾಸ್ಯೆ, ಹುಣ್ಣಿಮೆಗೆ ಗಾಡಿಗಳ ಸಾಲು ನಿಲ್ಲುತ್ತದೆ. ಕಾಯಿ ಒಡೆಯುತ್ತಾರೆ, ಉಡಿ ತುಂಬುತ್ತಾರೆ, ಪ್ರಸಾದ ಉಂಡು ಹೊರಡುತ್ತಾರೆ. ಭಕ್ತಿಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಆವರಣದ ಕಾಳಿಕಾ ಗುಡಿಯ ಮಾಳಿಗೆ ಕುಸಿದಾಗ, ದೇವಿಯ ಪೀಠಕ್ಕೆಂದು ಹಾಸಿದ್ದ ಕಲ್ಲಿನ ಮೇಲೆ ಅಶೋಕನ ಧರ್ಮಶಾಸನ ಇದ್ದದ್ದು 1986ರಲ್ಲಿ ಬೆಳಕಿಗೆ ಬಂತು. ಅವನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು, ಜೊತೆಗೆ ಅದುವರೆಗೆ ಒಡಿಶಾದ ಧೌಲಿ, ಜೌಗಡದಲ್ಲಿ ಮಾತ್ರ ಸಿಕ್ಕಿದ್ದ ಎರಡು ಪ್ರತ್ಯೇಕ ಶಾಸನಗಳು ಅದರ ಮೇಲಿವೆ. ನಡುವೆ ಮೂರ್ತಿ ಕೂರಿಸಲು ಕೊರೆದ ಚೌಕ ತೂತು. ಆ ತೂತಿನಲ್ಲಿ ಎಷ್ಟೋ ಅಕ್ಷರ ಹೋಗಿವೆ. ಹನ್ನೆರಡನೆಯ ಶಾಸನ ಹೇಳುವುದು ಪರರ ಪಂಥಕ್ಕೂ ಗೌರವ ಕೊಡಬೇಕು ಎಂಬ ಮಾತನ್ನು. ದೇವಿಗೆ ಕೈಮುಗಿದು ಹೊರಬಂದ ಎಷ್ಟು ಜನ ತಮ್ಮ ಮಕ್ಕಳಿಗೆ ಇಷ್ಟನ್ನು ಹೇಳಿದ್ದಾರೆ? ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಕನಗನಹಳ್ಳಿಗೆ ಎಷ್ಟು ಗಾಡಿ ತಿರುಗುತ್ತವೆ? ಸ್ತೂಪದ ಉತ್ಖನನ 1994ರಿಂದ ಕೆಲವು ವರ್ಷ ನಡೆಯಿತು. ಆಮೇಲೆ ಆ ಹಾಸುಗಳು ಎರಡು ದಶಕಗಳ ಕಾಲ ಬಹುಪಾಲು ಬಯಲಲ್ಲಿ, ಜೋಡಣೆಯಿಲ್ಲದೆ ಬಿದ್ದಿದ್ದವು. ಸರ್ಕಾರದ ತಪ್ಪು ದೊಡ್ಡದು. ಆದರೆ ವಾರಕ್ಕೆ ನೂರು ಗಾಡಿ ಅಲ್ಲಿಗೆ ತಿರುಗಿದ್ದರೆ, ನೂರು ಅಪ್ಪಂದಿರು ‘ಇದ್ಯಾಕ್ರಿ ಹಿಂಗ ಬಿದ್ದದ?’ ಎಂದು ಕೇಳಿದ್ದರೆ, ಎರಡು ದಶಕ ಹಾಗೆ ಬೀಳಲು ಸಾಧ್ಯವಿತ್ತೇ? ಕೇಳುವವರಿಲ್ಲದ ಕಡೆ ಕಡತ ಓಡುವುದಿಲ್ಲ.

ಜಪಾನಿನ ಕಿಸೊ ಕಣಿವೆಯ ಸುಮಾಗೊ ಎಂಬ ಊರಿಗೆ ಹೋಗಿ ಬಂದ ನಮ್ಮವರು ಅದನ್ನು ಬಾಯ್ತುಂಬ ಹೊಗಳುತ್ತಾರೆ. ಹಳೆಯ ಹೆದ್ದಾರಿಯ ಮೇಲಿನ ಆ ಊರು ರೈಲು ಬಂದ ಮೇಲೆ ಪಾಳು ಬಿದ್ದಿತ್ತು. 1960ರ ದಶಕದ ಕೊನೆಗೆ ಊರಿನವರೇ ಮನೆಗಳ ದುರಸ್ತಿಗೆ ಕೈಹಾಕಿದರು. ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು 1971ರಲ್ಲಿ ತಮ್ಮ ತಮ್ಮೊಳಗೇ ನಿಯಮ ಮಾಡಿಕೊಂಡರು. ಅಲ್ಲಿಗೆ ಹೋದ ನಮ್ಮವರು ಮರದ ಜಾಲಂಧ್ರದ ಮುಂದೆ ಫೋಟೊ ತೆಗೆಸಿಕೊಂಡು ಬಂದರು. ಊರಿನವರು ಮಾಡಿಕೊಂಡ ನಿಯಮವನ್ನು ಅಲ್ಲೇ ಬಿಟ್ಟು ಬಂದರು.

ಚಿತ್ತಾಪುರದ ಮಗ್ಗುಲಲ್ಲೇ ಇರುವ ನಾಗಾವಿಯ ಗತಿ ನೋಡಿ. ಕಲ್ಯಾಣ ಚಾಲುಕ್ಯರ ಒಂದನೇ ಸೋಮೇಶ್ವರನ ಕಾಲದಲ್ಲಿ, 1058ರ ಶಾಸನದ ಪ್ರಕಾರ, ಮಧುಸೂದನನೆಂಬ ದಂಡನಾಯಕ ಅಲ್ಲಿ ಘಟಿಕಾಸ್ಥಾನ ನಡೆಸಲು ದತ್ತಿ ಬಿಟ್ಟ. ವೇದ ಓದುವ ವಿದ್ಯಾರ್ಥಿಗಳು 200. ಶಾಸ್ತ್ರ ಓದುವವರು ಬೇರೆ. ಉಪಾಧ್ಯಾಯರಿಗೆ ಜಮೀನು. ಪುಸ್ತಕ ಕಾಯಲು ಆರು ಜನ ಸರಸ್ವತೀ ಭಂಡಾರಿಗರು. ಸಾವಿರ ವರ್ಷದ ಹಿಂದೆ ಪುಸ್ತಕ ನೋಡಿಕೊಳ್ಳಲೆಂದೇ ಆರು ಜನರನ್ನು ಸಂಬಳ ಕೊಟ್ಟು ಇಟ್ಟ ಊರು. ಇಂದು ನಮ್ಮ ಎಷ್ಟು ಹೈಸ್ಕೂಲುಗಳಲ್ಲಿ ಒಬ್ಬ ಗ್ರಂಥಪಾಲಕರಿದ್ದಾರೆ?

ನಾಗಾವಿಯ ಅರವತ್ತು ಕಂಬದ ಗುಡಿಯಲ್ಲಿ ಕಂಡ ಒಂದು ದೃಶ್ಯ ಮನಸ್ಸಿನಿಂದ ಹೋಗಿಲ್ಲ. ಗಾಡಿಯಿಂದ ಇಳಿದ ಕುಟುಂಬ. ಏಳೆಂಟು ವರ್ಷದ ಹುಡುಗಿ ಕಂಬವೊಂದರ ನುಣುಪಿನ ಮೇಲೆ ಕೈ ಆಡಿಸುತ್ತಾ, ‘ಮುತ್ಯಾ, ಇಲ್ಲಿ ಯಾರ ಇರ್ತಿದ್ರು?’ ಎಂದು ಕೇಳಿದಳು. ಮುತ್ಯಾ ಬಾಯಿ ತೆರೆಯುವ ಮೊದಲೇ ಅವಳ ಅಪ್ಪ, ‘ಹಳೀ ಗುಡಿ ಅದವ್ವಾ, ಬಾ, ಬಿಸಲದಾ, ಫೋಟೋ ತಗೊಂಡು ಹೋಗಮು’ ಎಂದ. ಹುಡುಗಿ ಮತ್ತೆ ಕೇಳಲಿಲ್ಲ. ಆ ಅಪ್ಪನ ಕೈಯಲ್ಲಿದ್ದ ಫೋನಿನಲ್ಲೇ ಉತ್ತರವಿತ್ತು. ‘ನಿನ್ನಂಥ ಹುಡುಗರು ಓದಾಕ ಬರ್ತಿದ್ರು’ ಎಂಬ ಒಂದು ಮಾತು ಸಾಕಿತ್ತು. ಆ ಮಾತು ತಪ್ಪಿಸಿದ್ದು ಬಿಸಿಲಲ್ಲ, ತಯಾರಿಯಿಲ್ಲದೆ ಹೊರಟ ದೊಡ್ಡವರ ಉಪೇಕ್ಷೆ. ಕೆಲವರು ಅದೇ ಕಂಬಗಳ ಮೇಲೆ ಮೊಳೆಯಿಂದ ತಮ್ಮ ಹೆಸರು, ಪ್ರೇಯಸಿಯ ಹೆಸರು ಗೀಚಿ ಹೋಗುತ್ತಾರೆ. ಕೇಂದ್ರ ಪುರಾತತ್ವ ಇಲಾಖೆ ಸಂರಕ್ಷಿಸಿದ ಸ್ಮಾರಕವಾದರೆ ಇದಕ್ಕೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿಯವರೆಗೆ ದಂಡ ಎಂದು ಕಾನೂನಿದೆ. ಕಾನೂನು ಬರುವವರೆಗೆ ಕಾಯಬೇಕೇ? ಮಗ ಗೀಚುತ್ತಿರುವಾಗ ಅಪ್ಪ ನಿಂತು ನೋಡುವುದನ್ನು ಕಂಡಿದ್ದೇನೆ.

ಮಳಖೇಡದ ಬಗ್ಗೆ ಎಲ್ಲರಿಗೂ ಗೊತ್ತು ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ನವೆಂಬರ್ 1ರ ಭಾಷಣದಲ್ಲಿ ಕವಿರಾಜಮಾರ್ಗದ ಹೆಸರು ಬರುತ್ತದೆ, ಕಾವೇರಿಯಿಂದ ಗೋದಾವರಿಯವರೆಗೆ ಎಂಬ ಮಾತಿಗೆ ಚಪ್ಪಾಳೆ ಬೀಳುತ್ತದೆ. ಆ ಗ್ರಂಥ ಹುಟ್ಟಿದ ಆಸ್ಥಾನ ಕಾಗಿಣೆಯ ದಂಡೆಯಲ್ಲಿತ್ತು. ಜಿನಸೇನ, ಗುಣಭದ್ರರು ಅಮೋಘವರ್ಷನ ಆಶ್ರಯದ ಆಚಾರ್ಯರು. ಅವನ ಕಾಲದಲ್ಲೇ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. 972ರಲ್ಲಿ ಪರಮಾರರ ಸೀಯಕ ಬಂದು ನಗರವನ್ನು ಸೂರೆಮಾಡಿದ, ಮರುವರ್ಷವೇ ರಾಷ್ಟ್ರಕೂಟರ ಆಳ್ವಿಕೆ ಮುಗಿಯಿತು. ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನ ಕೋಟೆಯ ಬಾಗಿಲಲ್ಲಿ ನಿಂತಿದ್ದಾರೆ, ನೇಮಿನಾಥ ಬಸದಿಯ ಕಂಚಿನ ಚೈತ್ಯ ನೋಡಿದ್ದಾರೆ, ಕೇಳಬೇಕು. ಗಣಿತದಲ್ಲಿ ಫೇಲಾದ ಮಗನಿಗೆ ಟ್ಯೂಷನ್ ಹಚ್ಚುವ ಮೊದಲು ಆ ಗಣಿತಗ್ರಂಥದ ಕಾಲದ ರಾಜಧಾನಿಗೆ ಒಮ್ಮೆ ಕರೆತನ್ನಿ. ನಮ್ಮ ಶಾಲೆಗಳ ಶೈಕ್ಷಣಿಕ ಪ್ರವಾಸ ಎಂಬುದೂ ಇದೇ ರೋಗದ್ದು. ರಾತ್ರಿಯಿಡೀ ಬಸ್ಸಿನಲ್ಲಿ ಮಕ್ಕಳನ್ನು ಕುಲುಕಾಡಿಸಿ ಮೈಸೂರು ಅರಮನೆ ಮುಂದೆ ಇಳಿಸುವ ಹೆಡ್‌ಮಾಸ್ತರರಿಗೆ, ಶಹಾಬಾದ್ ತಾಲ್ಲೂಕಿನ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾದದ್ದು, ಅವನ ಮಿತಾಕ್ಷರದ ಮೇಲೆ ಈ ದೇಶದ ಬಹುಭಾಗದ ಹಿಂದೂ ಆಸ್ತಿ ಹಕ್ಕು ಶತಮಾನಗಳ ಕಾಲ ನಿಂತದ್ದು ನೆನಪಾಗುವುದಿಲ್ಲ.

ಈಗ ಹೆಂಗಸರ ಮಾತಿಗೆ ಬರುತ್ತೇನೆ, ಏಕೆಂದರೆ ಯಜಮಾನರು ಇದಕ್ಕೆ ಬರುವುದೇ ಇಲ್ಲ.

ನಮ್ಮ ಮನೆಗಳ ಹೆಂಗಸರು ಪ್ರಯಾಣದ ದಿನ ಬೆಳಗಿನಿಂದ ನೀರು ಕುಡಿಯುವುದಿಲ್ಲ. ಕುಡಿದರೆ ಎಲ್ಲಿ ಹೋಗುವುದು ಎಂಬ ಚಿಂತೆ. 40 ಡಿಗ್ರಿ ಬಿಸಿಲಲ್ಲಿ ಸಕ್ಕರೆ ಕಾಯಿಲೆಯ ಅತ್ತೆ, ಬಸುರಿ ಸೊಸೆ, ಮುಟ್ಟಾದ ಮಗಳು ತುಟಿ ಒಣಗಿಸಿಕೊಂಡು ಕೂತಿರುತ್ತಾರೆ. ಗಂಡಸರು ಗಾಡಿ ನಿಲ್ಲಿಸಿ ರಸ್ತೆಬದಿಗೆ ನಿಂತು ಮುಗಿಸಿ ಬರುತ್ತಾರೆ, ಬಂದು ‘ಯಾಕ ಸುಮ್ನ ಕುಂತೀರಿ, ಏನರೆ ಮಾತಾಡ್ರಿ’ ಎನ್ನುತ್ತಾರೆ. ಇದು ಕ್ಷಮಿಸುವಂಥದ್ದಲ್ಲ. ಜಪಾನಿನಲ್ಲಿ 1993ರಿಂದ ರಸ್ತೆಬದಿಯ ನಿಲ್ದಾಣಗಳೆಂಬ ವ್ಯವಸ್ಥೆ ಇದೆ. ಮಿಚಿ ನೊ ಎಕಿ ಎನ್ನುತ್ತಾರೆ. ದೇಶದಾದ್ಯಂತ 1,200ಕ್ಕೂ ಹೆಚ್ಚು. 24 ತಾಸೂ ತೆರೆದ ಶುಚಿಯಾದ ಶೌಚಾಲಯ, ಗಾಡಿ ನಿಲ್ಲಿಸಲು ಜಾಗ, ದಾರಿಯ ಮಾಹಿತಿ, ಜೊತೆಗೆ ಸುತ್ತಲ ರೈತರ ತರಕಾರಿ, ಉಪ್ಪಿನಕಾಯಿ ಮಾರುವ ಅಂಗಡಿ. ಅದನ್ನು ಬಳಸಿ ಬಂದ ನಮ್ಮ ಎಂಜಿನಿಯರ್ ಮಗ ಇಲ್ಲಿ ತಾಲ್ಲೂಕು ಪಂಚಾಯಿತಿಗೆ ಒಂದು ಅರ್ಜಿ ಬರೆದಿದ್ದಾನೆಯೇ? ಸಂವಿಧಾನದ 371ಜೆ ಕಲಂ ಬಂದು ವರ್ಷಗಳಾದವು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಅದರ ಅನುದಾನವಿದೆ. ಸೇಡಂ–ಚಿಂಚೋಳಿ ದಾರಿಯಲ್ಲಿ ತೊಗರಿ ಬೇಳೆ, ಶೇಂಗಾ ಹಿಂಡಿ, ಖಡಕ್ ರೊಟ್ಟಿ ಮಾರುವ ಹೆಂಗಸರ ಸಂಘದ ಅಂಗಡಿ, ಅದರ ಪಕ್ಕ ನೀರಿರುವ ಶೌಚಾಲಯ ಕಟ್ಟಲು ಯಾವ ತಂತ್ರಜ್ಞಾನ ಬೇಕು? 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಿಕ್ಕಿತು. ಅದನ್ನು ಹೊಲದ ಬದಿಯಲ್ಲೇ ಕೊಳ್ಳಲು ಹಾದುಹೋಗುವ ಕುಟುಂಬಕ್ಕೆ ಒಂದು ಜಾಗವಿಲ್ಲ.

ಅಂಥ ಜಾಗ ಕಟ್ಟುವವರೆಗೆ ಮನೆಯವರು ಏನು ಮಾಡಬೇಕು? ಹೊರಡುವ ಮುನ್ನ ಕೇಳಬೇಕು. ಯಾವ ಊರಿನ ಬಸ್ ನಿಲ್ದಾಣದಲ್ಲಿ ಪರವಾಗಿಲ್ಲ, ಯಾವ ಪೆಟ್ರೋಲ್ ಬಂಕಿನಲ್ಲಿ ಬಾಗಿಲಿಗೆ ಚಿಲಕವಿದೆ, ಯಾವ ಮಠದಲ್ಲಿ ಹೆಂಗಸರಿಗೆ ವ್ಯವಸ್ಥೆ ಇದೆ, ಎರಡು ಫೋನಿನಲ್ಲಿ ತಿಳಿಯುತ್ತದೆ. ದಾರಿಯನ್ನು ಅದರ ಮೇಲೆ ಹಾಕಬೇಕು. ಮನೆಯ ಹೆಂಗಸರು ನಿಶ್ಚಿಂತೆಯಿಂದ ನೀರು ಕುಡಿಯಲಾಗದ ಪ್ರವಾಸವನ್ನು ಪ್ರವಾಸ ಎನ್ನಲಾರೆ.

ಅಡುಗೆಯ ಮಾತೂ ಇದೆ. ‘ದಾರ್ಯಾಗ ಅತ್ತಿ ಮನಿ ಅದ, ಅಲ್ಲೇ ಉಣ್ಣಮು’ ಎಂದು ಹತ್ತು ಜನ ಚಿತ್ತಾಪುರದಲ್ಲೋ ವಾಡಿಯಲ್ಲೋ ಎರಡು ಗಂಟೆಗೆ ಬಾಗಿಲು ಬಡಿಯುತ್ತೀರಿ. ಆ ಅತ್ತೆ ಅದೇ ತಾನೆ ಊಟ ಮುಗಿಸಿ ಅಡ್ಡಾಗಿರುತ್ತಾಳೆ. ಎದ್ದು, ನಗುತ್ತಾ, ‘ಬರ್ರಿ ಬರ್ರಿ, ಕೈಕಾಲ್ ತೊಳ್ಕೋರಿ’ ಎನ್ನುತ್ತಾಳೆ. ಒಳಗೆ ಹೋಗಿ ಹಿಟ್ಟು ನಾದುತ್ತಾಳೆ. ಇಪ್ಪತ್ತು ಮೂವತ್ತು ರೊಟ್ಟಿ ಬಡಿಯಬೇಕು. ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ಬಡಿಯುತ್ತಾಳೆ. ನೀವು ಪಡಸಾಲೆಯಲ್ಲಿ ಫ್ಯಾನ್ ಕೆಳಗೆ ಕುಳಿತು ಪುಂಡಿಪಲ್ಯ ಚೆನ್ನಾಗಿದೆ ಎನ್ನುತ್ತೀರಿ. ಇದನ್ನು ನಮ್ಮ ಸಂಸ್ಕೃತಿ, ನಮ್ಮ ಆತಿಥ್ಯ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಆತಿಥ್ಯ ಅವಳದು, ನಿಮ್ಮ ಪಾಲಿಗೆ ಬಂದದ್ದು ದಬ್ಬಾಳಿಕೆ. ಎರಡು ದಿನ ಮೊದಲು ಫೋನ್ ಮಾಡಿ, ಅಥವಾ ಊರಿನ ಖಾನಾವಳಿಯಲ್ಲಿ ಉಣ್ಣಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ ಅಲ್ಲೂ ಸಿಗುತ್ತದೆ. ದುಡಿದ ಕೈಗೆ ಹಣ ಹೋಗುತ್ತದೆ. ಉಂಡ ಮೇಲೆ ಅತ್ತೆಯನ್ನೂ ಗಾಡಿಯಲ್ಲಿ ಕೂರಿಸಿಕೊಂಡು ನಾಗಾವಿಗೆ ಹೋಗಿ. ಎಷ್ಟೋ ಅತ್ತೆಯಂದಿರು ಆ ಊರಿನಲ್ಲೇ ಬಾಳ್ವೆ ಮಾಡಿ ಯಲ್ಲಮ್ಮನ ಜಾತ್ರೆ ಬಿಟ್ಟು ಬೇರೇನೂ ನೋಡಿಲ್ಲ, ಯಾರೂ ಕರೆದಿಲ್ಲ.

ನಮಗೆ ಯೋಜನೆ ಮಾಡಲು ಬರುವುದಿಲ್ಲ ಎಂದು ಮಾತ್ರ ಯಾರೂ ಹೇಳಕೂಡದು. ಎಳ್ಳ ಅಮಾವಾಸ್ಯೆಗೆ ಈ ಸೀಮೆಯ ಮನೆಗಳಲ್ಲಿ ನಡೆಯುವ ತಯಾರಿ ನೋಡಿ. ವಾರದ ಮೊದಲೇ ಸಜ್ಜೆರೊಟ್ಟಿ ಬಡಿದು ಒಣಗಿಸುವುದು, ಭಜ್ಜಿಗೆ ಯಾವ ಯಾವ ಪಲ್ಯ, ಯಾವ ಕಾಳು, ಕಡುಬು ಎಷ್ಟು, ಅಂಬಲಿ ಯಾವ ಗಡಿಗೆಯಲ್ಲಿ, ಹೊಲಕ್ಕೆ ಯಾರು ಮೊದಲು, ಚರಗ ಚೆಲ್ಲುವವರು ಯಾರು, ಯಾವ ಬೀಗರಿಗೆ ಹೇಳಬೇಕು, ಒಂದೂ ತಪ್ಪುವುದಿಲ್ಲ. ಅಷ್ಟೂ ತಯಾರಿ ಮಾಡುವವರು ಹೆಂಗಸರು. ಪ್ರವಾಸದ ದಾರಿ ಹಾಕುವಾಗ ಮಾತ್ರ ಅವರನ್ನು ಒಂದು ಮಾತೂ ಕೇಳುವುದಿಲ್ಲ.

ಕಾಲದ ಲೆಕ್ಕ ಕೂಡ ಹೊಲದವರಿಗೆ ಗೊತ್ತಿರುವಷ್ಟು ನಗರದವರಿಗೆ ಗೊತ್ತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಈ ಕಲ್ಲಿನ ನೆಲದ ಮೇಲೆ ಮುದುಕರು, ಮಕ್ಕಳನ್ನು ನಡೆಸುವುದು ಅಪಾಯ. ಮಳೆಗಾಲದಲ್ಲಿ ಕಾಗಿಣೆ ತುಂಬಿದರೆ ದಂಡೋತಿ, ಮಳಖೇಡದ ಹತ್ತಿರ ಸೇತುವೆಯ ಮೇಲೆ ನೀರು ಬಂದು ದಾರಿ ಬಂದ್ ಆಗುತ್ತದೆ. ಆಗಲೂ ‘ಏನಾಗಲ್ಲ ನಡಿ’ ಎಂದು ಗಾಡಿ ಇಳಿಸುವ ಗಂಡಸರಿದ್ದಾರೆ. ಹಿಂದಿನ ಸೀಟಿನಲ್ಲಿ ಮಗು ಕೂತಿದೆ ಎಂಬ ಪರಿವೆ ಬೇಡವೇ? ನವೆಂಬರಿನಿಂದ ಜನವರಿ ಸರಿಯಾದ ಕಾಲ. ತೊಗರಿ ಹೂಬಿಟ್ಟು ಕಾಯಿಕಟ್ಟಿರುತ್ತದೆ, ಫೆಬ್ರವರಿಯ ಹೊತ್ತಿಗೆ ಬಿಳಿಜೋಳದ ಸೀತನಿ ಸಿಗುತ್ತದೆ.

ಗಾಡಿಯ ಒಳಗಿನ ಉಡಾಫೆ ಇನ್ನೂ ಭಯಂಕರ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಗು, ಬೆಲ್ಟ್ ಇಲ್ಲ. 2019ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ದರೆ 1000 ರೂಪಾಯಿ ದಂಡ. ಜಪಾನಿನಲ್ಲಿ ಕೇಳದೇ ಕಟ್ಟಿಕೊಂಡ ಅದೇ ಬೆಲ್ಟು ಸೇಡಂ ರಸ್ತೆಯಲ್ಲಿ ಹಿಂಸೆಯಾಗುತ್ತದೆ. ಆ ರಸ್ತೆಯಲ್ಲಿ ಸಿಮೆಂಟಿನ ಟ್ಯಾಂಕರುಗಳು ಹಗಲುರಾತ್ರಿ ಓಡುತ್ತವೆ. ಕತ್ತಲಾದ ಮೇಲೆ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್, ರಸ್ತೆಯಂಚಿಗೆ ಕೆಟ್ಟು ನಿಂತ ಲಾರಿ, ಹತ್ತಿ ತುಂಬಿ ರಸ್ತೆಗೆಲ್ಲ ಹರಡಿಕೊಂಡ ಗಾಡಿ. ಬಾಡಿಗೆ ಡ್ರೈವರನನ್ನು ಬೆಳಿಗ್ಗೆಯಿಂದ ಓಡಿಸಿ, ಊಟಕ್ಕೆ ‘ನೀ ಎಲ್ಯರೆ ಮಾಡ್ಕೊ’ ಎಂದು, ರಾತ್ರಿ ಹತ್ತಕ್ಕೆ ‘ಮನಿ ಮುಟ್ಟಿಸಿಬಿಡು’ ಎನ್ನುವವರು ತಮ್ಮ ಇಡೀ ಕುಟುಂಬದ ಜೀವವನ್ನು ನಿದ್ದೆಗೆಟ್ಟ ಒಬ್ಬ ಹುಡುಗನ ಕಣ್ಣಿಗೆ ಒಪ್ಪಿಸುತ್ತಿದ್ದಾರೆ. ಅವನೂ ನಿಮ್ಮ ಪಂಕ್ತಿಯಲ್ಲೇ ಉಣ್ಣಲಿ. ಕತ್ತಲಾಗುವ ಮೊದಲು ಯಾವುದಾದರೂ ಊರಿನಲ್ಲಿ ತಂಗಿ. ಗಾಡಿ ಬೇಡವೆಂದರೆ ವಾಡಿಯಿಂದ ರೈಲು ಇದೆ. 1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ಬಂದು ಮುಂಬೈ–ಮದ್ರಾಸ್ ದಾರಿಗೆ ಕೂಡಿಕೊಂಡ ಜಂಕ್ಷನ್ ಅದು. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಆ ದಾರಿಯಲ್ಲೇ ಬರುತ್ತವೆ. ಇನ್ನೊಂದು ಅಪಾಯವೂ ಇದೆ. ಶಹಾಬಾದಿನ ಸುತ್ತ ಪಾಳುಬಿದ್ದ ಖಣಿಗಳಲ್ಲಿ ನಿಂತ ನೀರು ನೀಲಿಯಾಗಿ ಕಾಣುತ್ತದೆ. ಅಂಚು ಕಡಿದಾದ ಗೋಡೆ, ಆಳ ತಿಳಿಯುವುದಿಲ್ಲ. ಸೆಲ್ಫಿಗೆಂದು, ಈಜಿಗೆಂದು ಹುಡುಗರನ್ನು ಅಲ್ಲಿ ಬಿಡುವುದು ಸಾವಿನ ಬಾಯಿಗೆ ಕಳಿಸಿದಂತೆ.

ಚಿಂಚೋಳಿಯನ್ನು ಕೊನೆಗೆ ಇಟ್ಟದ್ದು, ಅಲ್ಲಿಗೆ ಹೋಗುವವರ ಸಂಖ್ಯೆ ಹೆಚ್ಚುತ್ತಿದೆ ಎಂಬ ಕಾರಣಕ್ಕೆ. ಸುಮಾರು 135 ಚದರ ಕಿಲೋಮೀಟರಿನ ಒಣನಾಡಿನ ಕಾಡು. 2011ರ ಸುಮಾರಿಗೆ ವನ್ಯಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡುಕುರಿ ಉಳಿದಿರುವ ನೆಲ. ಚಂದ್ರಂಪಳ್ಳಿಯ ಕೆರೆ, ಗೊಟ್ಟಂಗೊಟ್ಟ, ಎತ್ತಿಪೋತದ ಜಲಪಾತ, ನಡುನಡುವೆ ಲಂಬಾಣಿ ತಾಂಡಾಗಳು. ಬರಗಾಲದ ಜಿಲ್ಲೆ ಎಂದೇ ಹೆಸರಾದ ನಮಗೆ ಉಳಿದ ಒಂದೇ ದೊಡ್ಡ ಹಸಿರು. ಮಳೆಗಾಲ ಮುಗಿದು ಜಲಪಾತದ ಫೋಟೊ ವಾಟ್ಸಾಪಿನಲ್ಲಿ ಹರಿದಾಡಿದ ಮರುದಿನವೇ ಗಾಡಿಗಳು ನುಗ್ಗುತ್ತವೆ. ಡಿಜೆ ಹಚ್ಚುತ್ತಾರೆ. ಬಂಡೆಯ ಮೇಲೆ ಬಾಟಲಿ ಒಡೆಯುತ್ತಾರೆ. ಮರುದಿನ ಅಲ್ಲಿ ಬರಿಗಾಲಲ್ಲಿ ಆಡು ಮೇಯಿಸುವ ತಾಂಡಾದ ಹುಡುಗ ನಡೆಯುತ್ತಾನೆ. ಬಿರಿಯಾನಿಯ ಥರ್ಮಾಕೋಲ್ ತಟ್ಟೆ, ಚಿಪ್ಸ್ ಪಾಕೀಟು, ಮಗುವಿನ ಡೈಪರ್ ಝರಿಯಲ್ಲಿ ತೇಲಿ ಕೆರೆ ಸೇರುತ್ತವೆ. ಕುಟುಂಬ ಸಮೇತ ಬಂದವರು ಮಾಡುವ ಕೆಲಸ ಇದು, ಕುಡುಕರ ಮೇಲೆ ಹಾಕಿ ತಪ್ಪಿಸಿಕೊಳ್ಳಲಾಗದು. ಅದೇ ತಾಯಿ ಮನೆಯಲ್ಲಿ ದಿನಕ್ಕೆ ಎರಡು ಸಲ ಕಸ ಗುಡಿಸುತ್ತಾಳೆ, ಅದೇ ತಂದೆ ಜಪಾನಿನಲ್ಲಿ ರಸ್ತೆಬದಿ ಕಸದ ಬುಟ್ಟಿ ಸಿಗದೆ ಚಾಕೊಲೇಟಿನ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಟೆಲಿನವರೆಗೆ ಹೊತ್ತಿದ್ದ.

ಇನ್ನು ಮುಂದೆ ಈ ದಾರಿ ಹಿಡಿಯುವವರು ಹೊರಡುವ ಹಿಂದಿನ ವಾರವೇ ಚಿಂಚೋಳಿಯ ಅರಣ್ಯ ಕಚೇರಿಗೆ ಫೋನ್ ಮಾಡಿ, ಯಾವ ದಾರಿ ತೆರೆದಿದೆ, ಯಾವುದಕ್ಕೆ ಅನುಮತಿ ಬೇಕು, ಸಂಜೆ ಎಷ್ಟಕ್ಕೆ ಹೊರಬರಬೇಕು ಎಂದು ಕೇಳಿಕೊಳ್ಳಲಿ. ಕಾಡಿನೊಳಗೆ ನೆಟ್‌ವರ್ಕ್ ನಂಬುವಂತಿಲ್ಲ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಲಿ, ಇಲ್ಲವೇ ಕಾಗದದ ಮೇಲೆ ಬರೆದುಕೊಳ್ಳಲಿ. ಗಾಡಿಯಲ್ಲಿ ಎರಡು ಗೋಣಿಚೀಲ ಇರಲಿ, ತಂದ ಕಸವೆಲ್ಲ ಅದರಲ್ಲೇ ಕಲಬುರಗಿಗೆ ವಾಪಸ್ ಬರಲಿ. ಕುಂಚಾವರಂ ಕಡೆಯ ತಾಂಡಾದಲ್ಲಿ ಚಹಾ ಕುಡಿದರೆ ಹಣ ಕೊಡಲಿ, ಅಲ್ಲಿನ ಹೆಂಗಸರನ್ನು ಕೇಳದೆ ಅವರ ಉಡುಪಿನ ಫೋಟೊ ತೆಗೆಯದಿರಲಿ. ನಾಲ್ಕು ದಿನದ ದಾರಿ ಹಾಕುವ ರಾತ್ರಿ ಮನೆಯ ಮುತ್ಯಾನನ್ನು, ಅವ್ವನನ್ನು, ಏಳೆಂಟು ವರ್ಷದ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, ಅವರಿಗೆ ಏನು ನೋಡಬೇಕಾಗಿದೆ ಎಂದು ಮೊದಲು ಕೇಳಿ, ಆಮೇಲೆ ಗಾಡಿಯವನಿಗೆ ಅಡ್ವಾನ್ಸ್ ಕೊಡಲಿ.